ಪಕ್ಕದ ಮನೆಯ ಪ್ರಸಾದ, ನಮ್ಮ ಮನೆಯ ವಿಗ್ರಹ

ನವರಾತ್ರಿ ಹತ್ತಿರ ಬಂತೆಂದರೆ ಕ್ರೈಸ್ತರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಬಗೆಯ ಪ್ರಶ್ನೆಗಳು ಓಡಾಡತೊಡಗುತ್ತವೆ. ಪಕ್ಕದ ಮನೆಯವರು ಕೊಟ್ಟ ಪ್ರಸಾದ ತಿನ್ನಬಹುದೇ? ಆಫೀಸಿನ ಆಯುಧಪೂಜೆಯಲ್ಲಿ ಕಂಪ್ಯೂಟರಿಗೆ ಕುಂಕುಮ ಹಚ್ಚುವಾಗ ಎದ್ದು ಹೊರಗೆ ಹೋಗಬೇಕೇ, ಸುಮ್ಮನೆ ಕೂತಿರಬಹುದೇ? ಬನ್ನಿ ಕೊಟ್ಟರೆ ಕೈಯೊಡ್ಡುವುದು ಪಾಪವೇ? ಉತ್ತರಗಳೂ ಸಿದ್ಧವಾಗಿಯೇ ಇರುತ್ತವೆ. ವಿಮೋಚನಕಾಂಡದ ಇಪ್ಪತ್ತನೇ ಅಧ್ಯಾಯ, ಯೋಹಾನನ ಮೊದಲ ಪತ್ರದ ಕೊನೆಯ ವಾಕ್ಯ, ಅದರ ಕೆಳಗೆ ಸಾಲಾಗಿ ಕೈಮುಗಿದ ಇಮೋಜಿಗಳು. ದೀಪಾವಳಿ ಮುಗಿಯುವ ತನಕ ಇದು ನಡೆಯುತ್ತದೆ. ಆಮೇಲೆ ಕ್ರಿಸ್‌ಮಸ್ ತಯಾರಿ, ಅದರ ಬೆನ್ನಿಗೆ ಮದುವೆಗಳ ಕಾಲ. ಮದುವೆಗಳ ಕಾಲದಲ್ಲಿ ವಿಗ್ರಹಾರಾಧನೆಯ ಬಗ್ಗೆ ಯಾವ ಗುಂಪಿನಲ್ಲೂ ಯಾರೂ ಏನೂ ಕೇಳುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ನಾನು ಉತ್ತರ ಕರ್ನಾಟಕದ ಒಂದು ಪ್ರೊಟೆಸ್ಟಂಟ್ ಮನೆಯಲ್ಲಿ ಬೆಳೆದವಳು. ನಮ್ಮ ಕಡೆಯ ಸಭೆಗಳಲ್ಲಿ ಜಾತಿ ಎಂಬ ಮಾತನ್ನು ಬಾಯಿಗೆ ತರುವುದಿಲ್ಲ, ಅದು ಅಸಭ್ಯ. ಅದರ ಬದಲು ‘ಮೂಲ’ ಅನ್ನುತ್ತಾರೆ. ಹೆಣ್ಣು ನೋಡುವ ಮಾತು ಶುರುವಾಗಿ, ಹುಡುಗನ ಓದು, ನೌಕರಿ, ಭಾನುವಾರದ ಹಾಜರಿ ಎಲ್ಲ ಮುಗಿದ ಮೇಲೆ ಯಾರಾದರೂ ಹಿರಿಯರು ದನಿ ತಗ್ಗಿಸಿ ಕೇಳುತ್ತಾರೆ: “ಅಲ್ರೀ, ಅವರ ಮೂಲ ಯಾವುದು?” ನಾಲ್ಕು ತಲೆಮಾರಿನ ಹಿಂದೆ ದೀಕ್ಷಾಸ್ನಾನ ತೆಗೆದುಕೊಂಡ ಮನೆತನದ ಬಗ್ಗೆ ಈ ಪ್ರಶ್ನೆ. ದೀಕ್ಷಾಸ್ನಾನದ ನೀರಿನಲ್ಲಿ ಹಳೆಯ ಮನುಷ್ಯ ಸತ್ತು ಹೊಸಬ ಹುಟ್ಟುತ್ತಾನೆ ಎಂದು ನಂಬುವ ಜನ, ಆ ಹಳೆಯ ಮನುಷ್ಯನ ಪತ್ರಿಕೆಯನ್ನು ಮಾತ್ರ ಜೋಪಾನವಾಗಿ ಕಪಾಟಿನಲ್ಲಿ ಇಟ್ಟುಕೊಂಡಿರುತ್ತಾರೆ. ಕರಾವಳಿಯ ಕಥೋಲಿಕರಲ್ಲಿ ಬಾಮಣ್, ಚಾರೊಡಿ ಎಂಬ ಹೆಸರುಗಳು ಇಂದಿಗೂ ಮದುವೆಯ ಮಾತುಕತೆಯಲ್ಲಿ ಸುಳಿಯುತ್ತವೆ. ಅವರಾದರೂ ಹೆಸರಿಟ್ಟು ಹೇಳುತ್ತಾರೆ. ನಮ್ಮವರದು ಅದಕ್ಕಿಂತ ಒಂದು ಕೈ ಹೆಚ್ಚು, ಹೆಸರೇ ಇಲ್ಲದ ದೇವರು.

ವಿಗ್ರಹಾರಾಧನೆಯನ್ನು ತೊರೆಯುವುದು ಕ್ರೈಸ್ತ ಬದುಕಿನ ಮೊದಲ ಹೆಜ್ಜೆ ಎಂದು ನಮಗೆ ಭಾನುವಾರದ ಶಾಲೆಯಿಂದಲೂ ಹೇಳಿಕೊಟ್ಟಿದ್ದಾರೆ. ನಾನು ಒಪ್ಪುತ್ತೇನೆ. ಒಪ್ಪುವುದರಿಂದಲೇ ಈ ಜಗಳ. ನಮ್ಮ ಪ್ರಸಂಗಗಳಲ್ಲಿ ವಿಗ್ರಹ ಎಂಬುದು ಯಾವಾಗಲೂ ಬೇರೆಯವರ ಗುಡಿಯಲ್ಲಿರುವ ವಸ್ತು. ಕಲ್ಲಿನದು, ಮರದ್ದು, ಪಂಚಲೋಹದ್ದು. ಬೈಬಲ್ಲಿನಲ್ಲಿ ಹಾಗಿಲ್ಲ. ಅನ್ಯರ ದೇವರುಗಳನ್ನು ಗೇಲಿ ಮಾಡುವ ಭಾಗಗಳು ಅಲ್ಲಿ ಇವೆ, ಇಲ್ಲವೆನ್ನುವುದಿಲ್ಲ. ಯೆಶಾಯನು ಒಂದೇ ಮರದ ತುಂಡಿನ ಅರ್ಧವನ್ನು ಒಲೆಗಿಟ್ಟು ಉಳಿದರ್ಧಕ್ಕೆ ಅಡ್ಡಬೀಳುವವನನ್ನು ನೋಡಿ ನಗುತ್ತಾನೆ. ಆದರೆ ಪ್ರವಾದಿಗಳ ಸಿಟ್ಟಿನ ಬಹುಪಾಲು ಖರ್ಚಾಗಿರುವುದು ಸ್ವಂತ ಜನರ ಮೇಲೆ.

ಚಿನ್ನದ ಕರುವಿನ ಕಥೆಯನ್ನೇ ತೆಗೆದುಕೊಳ್ಳಿ. ಆ ಕರು ಐಗುಪ್ತದಿಂದ ಆಮದಾದ ದೇವರಲ್ಲ. ತಮ್ಮ ಹೆಂಡಿರು ಮಕ್ಕಳ ಕಿವಿಯೋಲೆಗಳನ್ನು ಬಿಚ್ಚಿಸಿ, ಕರಗಿಸಿ ಮಾಡಿಕೊಂಡದ್ದು. ಅದರ ಮುಂದೆ ಆರೋನ ಸಾರಿದ ಹಬ್ಬವೂ ಯೆಹೋವನ ಹೆಸರಿನದ್ದೇ. ಅಂದರೆ ಅವರು ದೇವರನ್ನು ಬಿಟ್ಟೆವು ಎಂದುಕೊಂಡಿರಲಿಲ್ಲ. ಮೋಶೆ ಬಂದು ಇದೇನು ಎಂದು ಕೇಳಿದಾಗ ಆರೋನ ಕೊಡುವ ಉತ್ತರ ನನಗೆ ಬಹಳ ಇಷ್ಟ: ಜನ ಚಿನ್ನ ಕೊಟ್ಟರು, ನಾನು ಬೆಂಕಿಗೆ ಹಾಕಿದೆ, ಈ ಕರು ಹೊರಗೆ ಬಂತು. ತಾನಾಗಿಯೇ ಬಂತಂತೆ! ಕ್ರೈಸ್ತರಲ್ಲಿ ಜಾತಿ ಹೇಗೆ ಉಳಿಯಿತು ಎಂದು ಯಾವ ಹಿರಿಯರನ್ನು ಕೇಳಿದರೂ ಸಿಗುವುದು ಇದೇ ಉತ್ತರ. ನಾವೇನೂ ಮಾಡಲಿಲ್ಲ, ಸಮಾಜದಲ್ಲಿತ್ತು, ಹಾಗೇ ಬಂತು.

ಇನ್ನೊಂದು ಪ್ರಸಂಗ ಪುಲ್ಪಿಟ್ಟಿನಿಂದ ಅಪರೂಪಕ್ಕೆ ಕೇಳಿಸುತ್ತದೆ. ಮರುಭೂಮಿಯಲ್ಲಿ ಹಾವು ಕಚ್ಚಿದವರು ನೋಡಿ ಬದುಕಲಿ ಎಂದು ದೇವರ ಅಪ್ಪಣೆಯಂತೆಯೇ ಮೋಶೆ ಮಾಡಿಸಿದ ತಾಮ್ರದ ಸರ್ಪ. ನೂರಾರು ವರ್ಷ ಕಳೆದ ಮೇಲೆ ಜನ ಅದಕ್ಕೆ ಧೂಪ ಹಾಕತೊಡಗಿದ್ದರು. ಅರಸ ಹಿಜ್ಕೀಯ ಅದನ್ನು ಚೂರುಚೂರು ಮಾಡಿಸಿದ. ಅದು ಬಾಳನ ಕಂಬವಲ್ಲ, ಅನ್ಯರ ಬೊಂಬೆಯಲ್ಲ. ಮೋಶೆಯ ಕೈಯಿಂದ ಬಂದ, ಜೀವ ಉಳಿಸಿದ, ಸ್ವಂತ ಪರಂಪರೆಯ ಪವಿತ್ರ ವಸ್ತು. ಅದನ್ನು ಒಡೆಯಲು ಬೇಕಾದ ಎದೆಗಾರಿಕೆಯೇ ಬೇರೆ. ಯೆರೆಮೀಯನೂ ದೇವಾಲಯದ ಬಾಗಿಲಲ್ಲೇ ನಿಂತು, ಇದು ಯೆಹೋವನ ಆಲಯ ಎಂದು ಜಪಿಸುವುದನ್ನು ನಿಲ್ಲಿಸಿ ಎಂದವನು. ಅವನ ಪ್ರಕಾರ ಪರದೇಶಿ, ಅನಾಥ, ವಿಧವೆಯರನ್ನು ಹಿಂಸಿಸುತ್ತ ಹೇಳಿಕೊಳ್ಳುವ ಆ ಮಾತೇ ಸುಳ್ಳು. ಯೆಹೆಜ್ಕೇಲನಂತೂ ತನ್ನ ಮುಂದೆ ಬಂದು ಕೂತ ಇಸ್ರಾಯೇಲಿನ ಹಿರಿಯರಿಗೆ, ನಿಮ್ಮ ವಿಗ್ರಹಗಳು ಇರುವುದು ನಿಮ್ಮ ಹೃದಯದೊಳಗೆ ಎಂದುಬಿಟ್ಟ.

ಭಾಷೆಯ ವಿದ್ಯಾರ್ಥಿಯಾಗಿ ಇಲ್ಲಿ ಒಂದು ಮಾತು. ಹೀಬ್ರೂವಿನಲ್ಲಿ ಈ ವಸ್ತುಗಳಿಗೆ ಹಲವು ಬೈಗುಳದಂಥ ಹೆಸರುಗಳಿವೆ. ಒಂದಕ್ಕೆ ‘ಏನೂ ಅಲ್ಲದವು’ ಎಂಬ ಧ್ವನಿ, ಇನ್ನೊಂದಕ್ಕೆ ‘ಉಸಿರು, ಹಬೆ’ ಎಂಬ ಅರ್ಥ, ಯೆಹೆಜ್ಕೇಲ ಬಳಸುವುದಕ್ಕೆ ಹಿಕ್ಕೆಯ ವಾಸನೆ. ಗ್ರೀಕಿನ ‘ಐಡೊಲಾನ್’ ಎಂದರೂ ಮೊದಲಿಗೆ ನೆರಳು, ಭ್ರಮೆಯ ರೂಪ. ಕನ್ನಡದಲ್ಲಿ ಇವೆಲ್ಲ ಸೇರಿ ಬಹುಮಟ್ಟಿಗೆ ‘ವಿಗ್ರಹ’ವಾದವು. ವಿಗ್ರಹವೋ ನಮ್ಮ ನುಡಿಯಲ್ಲಿ ಗೌರವದ ಮಾತು, ದೇವರ ಶರೀರ. ಹಾಗಾಗಿ ಕನ್ನಡದ ಓದುಗನಿಗೆ ಆ ಪದ ಕಂಡೊಡನೆ ಕಣ್ಣು ಹೋಗುವುದು ತನ್ನೊಳಗಿನ ಭ್ರಮೆಯ ಕಡೆಗಲ್ಲ, ಎದುರಿನ ಗುಡಿಯ ಗರ್ಭಗೃಹದ ಕಡೆಗೆ. ಅಂದಹಾಗೆ ವಿಗ್ರಹಕ್ಕೆ ಯುದ್ಧ ಎಂಬ ಅರ್ಥವೂ ಇದೆ. ನಮ್ಮ ಶಾಸನಗಳ ‘ಸಂಧಿವಿಗ್ರಹಿ’ ಶಾಂತಿ-ಯುದ್ಧಗಳ ಮಂತ್ರಿ. ಈಗಿನ ವಾಟ್ಸಾಪ್ ವೇದಾಂತಿಗಳಿಗೆ ಸಂಧಿ ಬೇಡ, ವಿಗ್ರಹವೊಂದೇ ಸಾಕು.

ಪೌಲನಿಗೆ ಬರೋಣ. ಪ್ರಸಾದದ ಪ್ರಶ್ನೆಗೆ ಎಲ್ಲರೂ ಉದಾಹರಿಸುವುದು ಅವನನ್ನೇ, ಅವನು ಕೊರಿಂಥದವರಿಗೆ ಬರೆದ ಮೊದಲ ಪತ್ರವನ್ನೇ. ಕೊರಿಂಥದಲ್ಲಿ ಮಾರುಕಟ್ಟೆಗೆ ಬರುವ ಮಾಂಸ ಗುಡಿಯಲ್ಲಿ ಬಲಿಯಾದದ್ದೂ ಇರಬಹುದು. ತಿನ್ನಬಹುದೇ ಎಂದು ಸಭೆ ಕೇಳಿತ್ತು. ಗುಡಿಯ ಬಲಿಪೀಠದ ಪಂಕ್ತಿಯಲ್ಲಿ ಕೂತು ಪಾಲು ತೆಗೆದುಕೊಳ್ಳಬೇಡಿ ಎಂದು ಪೌಲ ಕಡ್ಡಾಯವಾಗಿ ಹೇಳುತ್ತಾನೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಸಂತೆಯಲ್ಲಿ ಮಾರುವುದನ್ನು ವಿಚಾರಿಸದೆ ಕೊಂಡು ತಿನ್ನಿ, ನಂಬದವನೊಬ್ಬ ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಪ್ರಶ್ನಿಸದೆ ಉಣ್ಣಿ ಎಂದೂ ಹೇಳುತ್ತಾನೆ. ಇದು ಬಲಿಯದು ಎಂದು ಯಾರಾದರೂ ಎತ್ತಿ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಗಾಗಿ ಬಿಡಿ. ವಿಗ್ರಹವೆಂಬುದು ಏನೂ ಅಲ್ಲ, ತಿಂದರೆ ಹೆಚ್ಚಾಗುವುದಿಲ್ಲ, ಬಿಟ್ಟರೆ ಕಡಿಮೆಯಾಗುವುದಿಲ್ಲ, ಪಕ್ಕದಲ್ಲಿರುವ ದುರ್ಬಲನನ್ನು ಎಡವಿಸಬಾರದು ಅಷ್ಟೇ. ನನ್ನ ಅಜ್ಜಿಗೆ ಇದೆಲ್ಲ ಓದಿ ಗೊತ್ತಿರಲಿಲ್ಲ. ಓಣಿಯಿಂದ ಬಂದ ಹೋಳಿಗೆಯ ತಟ್ಟೆ ನೋಡಿ ನಾವು ಹಿಂದೆಮುಂದೆ ನೋಡಿದರೆ “ಪ್ರೀತಿಲೆ ಕೊಟ್ಟಾರ, ತಿನ್ನವಾ” ಅನ್ನುತ್ತಿದ್ದಳು. ಪೌಲನಿಗೂ ಅವಳಿಗೂ ದೊಡ್ಡ ಭಿನ್ನಾಭಿಪ್ರಾಯವಿದ್ದಂತೆ ನನಗೆ ಕಾಣುವುದಿಲ್ಲ.

ಈಗ ಅದೇ ಪತ್ರದ ಮುಂದಿನ ಅಧ್ಯಾಯಕ್ಕೆ ಹೋಗಿ. ಅಲ್ಲಿಯೂ ಊಟದ್ದೇ ವಿಷಯ. ಕೊರಿಂಥದ ಸಭೆಯವರು ಪ್ರಭುಭೋಜನಕ್ಕೆ ಸೇರಿದಾಗ ಉಳ್ಳವರು ಮೊದಲೇ ತಂದು ಉಂಡುಬಿಡುತ್ತಿದ್ದರು. ಇಲ್ಲದವರು ಬರುವ ಹೊತ್ತಿಗೆ ಒಬ್ಬ ಹಸಿದಿರುತ್ತಿದ್ದ, ಇನ್ನೊಬ್ಬ ಕುಡಿದು ಅಮಲೇರಿರುತ್ತಿದ್ದ. ಮಾಂಸದ ಪ್ರಶ್ನೆಗೆ ಅಷ್ಟು ಸಮಾಧಾನದಿಂದ ಉತ್ತರಿಸಿದ ಪೌಲ ಇಲ್ಲಿ ಉರಿದೇಳುತ್ತಾನೆ. ಇದು ಕರ್ತನ ಭೋಜನವೇ ಅಲ್ಲ, ಇಲ್ಲದವರನ್ನು ನಾಚಿಸುತ್ತೀರಾ, ಇದಕ್ಕಾಗಿಯೇ ನಿಮ್ಮಲ್ಲಿ ಅನೇಕರು ಕಾಯಿಲೆ ಬಿದ್ದಿದ್ದಾರೆ, ಕೆಲವರು ಸತ್ತಿದ್ದಾರೆ ಎನ್ನುವ ಮಟ್ಟಿಗೆ. ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದವರ ಪಂಕ್ತಿಯಿಂದ ಪೇತ್ರ ಮೆಲ್ಲಗೆ ಎದ್ದು ಹೋದಾಗ ಇದೇ ಪೌಲ ಅವನನ್ನು ಎಲ್ಲರೆದುರು ನಿಲ್ಲಿಸಿ ಬೈದಿದ್ದ. ಹಾಗಾದರೆ ಕ್ರಮ ಹೀಗಾಯಿತು: ಯಾರ ಮನೆಯ ಅನ್ನ ಎಂಬುದರಲ್ಲಿ ಸಡಿಲ, ಯಾರ ಜೊತೆ ಉಣ್ಣುತ್ತೀರಿ ಎಂಬುದರಲ್ಲಿ ಬಿಗಿ. ನಾವು ಅದನ್ನು ತಲೆಕೆಳಗು ಮಾಡಿದ್ದೇವೆ. ಪ್ರಸಾದದ ಉಂಡೆಯನ್ನು ಕಂಡರೆ ದೂರ ಸರಿಯುವ ಕೈಯೇ ಲಗ್ನಪತ್ರಿಕೆಯ ಮೇಲೆ ‘ಮೂಲ’ ನೋಡಿ ಸಹಿ ಹಾಕುತ್ತದೆ.

ಇದು ತಾನಾಗಿ ಬಂದ ಕರುವಲ್ಲ, ಇದನ್ನು ಎರಕ ಹೊಯ್ದವರ ಚರಿತ್ರೆ ಇದೆ. 1606ರಲ್ಲಿ ಮದುರೆಗೆ ಬಂದ ಜೆಸ್ಯುಯಿಟ್ ರಾಬರ್ಟ್ ದೆ ನೊಬಿಲಿ ಸನ್ಯಾಸಿಯ ವೇಷ ತೊಟ್ಟು, ಮೇಲ್ಜಾತಿಯವರ ನಡುವೆ ಅವರಂತೆಯೇ ಬಾಳಿದ. ತಮಿಳು, ತೆಲುಗು, ಸಂಸ್ಕೃತ ಕಲಿತ ದೊಡ್ಡ ವಿದ್ವಾಂಸ, ಅದರಲ್ಲಿ ಎರಡು ಮಾತಿಲ್ಲ. ಅವನಿಂದ ಎದ್ದ ಪ್ರಶ್ನೆ ರೋಮಿನವರೆಗೂ ಹೋಯಿತು. ಕ್ರೈಸ್ತನಾದ ಬ್ರಾಹ್ಮಣ ಜನಿವಾರ, ಜುಟ್ಟು, ಗಂಧ ಇಟ್ಟುಕೊಳ್ಳಬಹುದೇ? ಅವು ವಿಗ್ರಹಾರಾಧನೆಯ ಗುರುತೇ, ಬರಿಯ ಕುಲದ ಗುರುತೇ? 1623ರಲ್ಲಿ ಪೋಪ್ ಹದಿನೈದನೆಯ ಗ್ರೆಗೊರಿ ಕೆಲವು ಷರತ್ತು ಹಾಕಿ ಅನುಮತಿ ಕೊಟ್ಟರು. ಮಂತ್ರ, ಗುಡಿ, ಮೂಢನಂಬಿಕೆಯ ಸೋಂಕು ತೆಗೆದರೆ ಸಾಕು, ದಾರ ಸಾಮಾಜಿಕ ಚಿಹ್ನೆಯಾಗಿ ಉಳಿಯಬಹುದು. ಆ ಆಜ್ಞೆಯಲ್ಲಿ ಮೇಲುಕೀಳಿನ ಅಹಂಕಾರ ಬಿಡಬೇಕೆಂಬ ಬುದ್ಧಿವಾದವೂ ಇತ್ತು. ಬುದ್ಧಿವಾದ ಕಾಗದದಲ್ಲಿ ಉಳಿಯಿತು, ದಾರ ಮೈಮೇಲೆ ಉಳಿಯಿತು.

ನನ್ನ ಮಟ್ಟಿಗೆ ಇಡೀ ವಿಷಯ ತಿರುಗಿರುವುದು ಆ ‘ಸಾಮಾಜಿಕ’ ಎಂಬ ವಿಶೇಷಣದ ಮೇಲೆ. ಮಣೆಯ ಮೇಲಿನ ಗಣಪ ಧಾರ್ಮಿಕ, ಆದ್ದರಿಂದ ಹೋಗಬೇಕು. ಮಣೆಯ ಮೇಲೆ ಯಾರು ಕೂರಬೇಕು ಎಂಬುದು ಸಾಮಾಜಿಕ, ಆದ್ದರಿಂದ ಇರಬಹುದು. ಪ್ರೊಟೆಸ್ಟಂಟರೂ ಇದೇ ಲೆಕ್ಕದ ಪುಸ್ತಕವನ್ನು ಬಳಸಿದರು. ತಂಜಾವೂರಿನ ಲೂಥರನ್ ಸಭೆಗಳಲ್ಲಿ ಮೇಲ್ಜಾತಿಯವರಿಗೂ ದಲಿತರಿಗೂ ಬೇರೆ ಬೇರೆ ಕೂರುವ ಜಾಗವಿತ್ತು, ಅದನ್ನು ನಾಗರಿಕ ಭೇದವೆಂದು ಸಹಿಸಿಕೊಂಡಿದ್ದರು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್, ಸಭೆಯೊಳಗೆ ಜಾತಿಯನ್ನು ಸಂಪೂರ್ಣವಾಗಿ ಈಗಿಂದೀಗಲೇ ಬಿಡತಕ್ಕದ್ದು ಎಂದು ದಕ್ಷಿಣದ ಸಭೆಗಳಿಗೆ ಬರೆದರು. ತಂಜಾವೂರಿನಲ್ಲೂ ಮದರಾಸಿನ ವೇಪೇರಿಯಲ್ಲೂ ಬಹಳ ಜನ ಸಭೆಯನ್ನೇ ಬಿಟ್ಟು ನಡೆದರು. ಗುಡಿಯ ದೇವರನ್ನು ಬಿಟ್ಟು ಬಂದಿದ್ದವರು ಅವರೇ. ಯಾವುದನ್ನು ಬಿಡಲಾಗಲಿಲ್ಲವೋ ಅದೇ ಅವರ ನಿಜವಾದ ದೇವರಾಗಿತ್ತು ಎಂದು ನಾನು ಓದಿಕೊಳ್ಳುತ್ತೇನೆ. ಮನಸ್ಸು ಯಾವುದಕ್ಕೆ ಅಂಟಿ ನಂಬಿ ಕೂತಿದೆಯೋ ಅದೇ ನಿನ್ನ ದೇವರು ಎಂಬರ್ಥದ ಮಾತನ್ನು ಲೂಥರನೇ ತನ್ನ ದೊಡ್ಡ ಪ್ರಶ್ನೋತ್ತರಿಯಲ್ಲಿ ಬರೆದಿದ್ದ. ಅವನ ಹೆಸರಿನ ಸಭೆಗೇ ಅದು ಕೇಳಿಸಿರಲಿಲ್ಲ.

ನಮ್ಮ ಕಡೆಗೆ ಬಂದರೆ ಬಾಸೆಲ್ ಮಿಷನ್. 1834ರಲ್ಲಿ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಅವರು ಹೊರಟು ಬಂದ ಬಾಸೆಲ್ ನಗರಕ್ಕೂ ವಿಗ್ರಹಕ್ಕೂ ಹಳೆಯ ಲೆಕ್ಕವಿದೆ. 1529ರ ಫೆಬ್ರವರಿಯಲ್ಲಿ ಆ ಊರಿನ ಜನ ತಮ್ಮದೇ ಚರ್ಚುಗಳಿಗೆ ನುಗ್ಗಿ ಸಂತರ ಪ್ರತಿಮೆಗಳನ್ನು, ಚಿತ್ರಫಲಕಗಳನ್ನು ಒಡೆದು ಸುಟ್ಟರು. ಅದನ್ನು ಕಂಡು ಬೇಸತ್ತ ಎರಾಸ್ಮಸ್ ಊರು ಬಿಟ್ಟು ಫ್ರೈಬರ್ಗಿಗೆ ಹೋದ. ಸ್ವಂತ ಅಜ್ಜಂದಿರು ಕೆತ್ತಿಸಿದ್ದನ್ನು ಒಡೆದವರು ಅವರು. ಸರಿಯೋ ತಪ್ಪೋ, ಕಲೆಯ ದೃಷ್ಟಿಯಿಂದ ನಷ್ಟವೇ, ಆದರೆ ಕೈ ಎತ್ತಿದ್ದು ತಮ್ಮ ಮನೆಯ ಮೇಲೆ. ಮೂರು ಶತಮಾನ ಕಳೆದು ಅದೇ ಊರಿನ ಹೆಸರು ಹೊತ್ತ ಮಿಷನ್ ತುಳುನಾಡಿಗೆ ಬಂದಾಗ ವಿಗ್ರಹ ಎಂಬುದು ಭೂತಸ್ಥಾನದ ಮೊಗವಾಗಿತ್ತು. ಭೂತಾರಾಧನೆಯ ಬಗ್ಗೆ ಬರ್ನೆಲ್ ಸಂಗ್ರಹಿಸಿದ ಬರಹಗಳು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚಾದದ್ದು ‘ತುಳುವರ ಸೈತಾನನ ಆರಾಧನೆ’ ಎಂಬರ್ಥದ ತಲೆಬರಹದಲ್ಲಿ. ಆದರೂ 1886ರಲ್ಲಿ ಪಾಡ್ದನಗಳನ್ನು ಮೊದಲಿಗೆ ಅಚ್ಚು ಹಾಕಿ ಉಳಿಸಿಕೊಟ್ಟದ್ದು ಬಾಸೆಲ್ ಮಿಷನ್ನಿನ ಮ್ಯಾನರ್. ಅವರ ಸೈತಾನನ ಹಾಡುಗಳಿಲ್ಲದಿದ್ದರೆ ನಮ್ಮ ಜಾನಪದ ವಿಭಾಗಗಳು ಅಷ್ಟು ಬಡವಾಗಿರುತ್ತಿದ್ದವು.

ಬಾಸೆಲ್‌ನವರಿಗೆ ಸಲ್ಲಬೇಕಾದದ್ದು ಸಲ್ಲಲಿ. ಅವರು ಜಾತಿಯ ವಿಷಯದಲ್ಲಿ ತಂಜಾವೂರಿನವರಂತಿರಲಿಲ್ಲ, ಸಹಭೋಜನದಲ್ಲಿ ರಾಜಿ ಒಪ್ಪಲಿಲ್ಲ. 1844ರಲ್ಲಿ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಮಂಗಳೂರು ಹೊತ್ತಿ ಉರಿದದ್ದು ಅವನು ಯಾವ ದೇವರಿಗೆ ಕೈಮುಗಿದ ಎನ್ನುವುದಕ್ಕಿಂತ ಯಾರ ಜೊತೆ ಉಂಡ ಎನ್ನುವುದಕ್ಕೆ ಎಂದೇ ನನಗನ್ನಿಸುತ್ತದೆ. ಕನ್ನಡದವರಿಗೆ ಇದು ಹೊಸದಲ್ಲ. ಕಲ್ಯಾಣದಲ್ಲಿ ಶರಣರು ಸ್ಥಾವರವನ್ನು ಪ್ರಶ್ನಿಸಿದ್ದನ್ನು ಬಿಜ್ಜಳನ ಪಟ್ಟಣ ಹೇಗೋ ಸಹಿಸಿಕೊಂಡಿತ್ತು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಎಂದಾಗ ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಎನ್ನುತ್ತದೆ ಪರಂಪರೆ. ಗುಡಿ ಬಿಟ್ಟದ್ದಕ್ಕಲ್ಲ, ಮದುವೆಯ ಮಾತಿಗೆ.

ಮದುವೆಯ ಮಾತಿಗೆ ಈಗಲೂ ಜೀವ ಹೋಗುತ್ತದೆ, ಕ್ರೈಸ್ತರಲ್ಲೂ. 2018ರಲ್ಲಿ ಕೇರಳದ ಕೋಟ್ಟಯಂನಲ್ಲಿ ದಲಿತ ಕ್ರೈಸ್ತ ತರುಣನೊಬ್ಬನನ್ನು ಅವನು ಪ್ರೀತಿಸಿದ ಹುಡುಗಿಯ ಕಡೆಯವರು ಅಪಹರಿಸಿದರು, ಅವನ ಹೆಣ ಹೊಳೆಯಲ್ಲಿ ಸಿಕ್ಕಿತು. ಹುಡುಗಿಯ ತಂದೆಯ ಮನೆತನವೂ ಕ್ರೈಸ್ತ. 2019ರಲ್ಲಿ ನ್ಯಾಯಾಲಯ ಅದನ್ನು ಮರ್ಯಾದೆಗೇಡು ಹತ್ಯೆ ಎಂದೇ ಕರೆದು, ಹುಡುಗಿಯ ಅಣ್ಣನೂ ಸೇರಿ ಹತ್ತು ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ತಿರುಚ್ಚಿಯಲ್ಲಿ ದಲಿತ ಕ್ರೈಸ್ತರ ಗೋರಿಗಳನ್ನು ಉಳಿದವರಿಂದ ಬೇರೆ ಮಾಡಲು ಸ್ಮಶಾನದ ನಡುವೆ ಗೋಡೆ ಕಟ್ಟಿದ್ದು ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ. ಪುನರುತ್ಥಾನವನ್ನು ನಂಬುವವರು ಆ ಗೋಡೆಯನ್ನು ಯಾವ ಲೆಕ್ಕದಲ್ಲಿ ಕಟ್ಟಿದರೋ, ಕೊನೆಯ ದಿನ ತುತ್ತೂರಿ ಊದಿದಾಗ ಎರಡು ಸಾಲಿನಲ್ಲಿ ಏಳುವ ಏರ್ಪಾಡಿರಬೇಕು.

ಇನ್ನು ಹಣದ ವಿಗ್ರಹ. ಲೋಭವೇ ವಿಗ್ರಹಾರಾಧನೆ ಎಂದು ಕೊಲೊಸ್ಸೆಯವರಿಗೆ ಬರೆದ ಪತ್ರ ನೇರವಾಗಿ ಹೇಳುತ್ತದೆ, ಅಲ್ಲಿ ವ್ಯಾಖ್ಯಾನಕ್ಕೆ ಜಾಗವೂ ಇಲ್ಲ. ಆಶೀರ್ವಾದದ ಎಣ್ಣೆ, ಪ್ರಾರ್ಥಿಸಿದ ಕರವಸ್ತ್ರ, ಬಿತ್ತಿದ ಕಾಣಿಕೆಗೆ ನೂರು ಪಟ್ಟು ಬೆಳೆ, ಯೇಸುವಿಗಿಂತ ದೊಡ್ಡದಾಗಿ ಪಾಸ್ಟರ್ ದಂಪತಿ ನಗುತ್ತಿರುವ ಫ್ಲೆಕ್ಸು. ಇದರ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ. ಅದು ಕಣ್ಣಿಗೆ ಹೊಡೆಯುವ ವಿಗ್ರಹ, ನಗೆಯಾಡಿ ಮುಂದೆ ಹೋಗಬಹುದು. ‘ಮೂಲ’ ಹಾಗಲ್ಲ. ಅದಕ್ಕೆ ಆಕಾರವಿಲ್ಲ, ಮೆರವಣಿಗೆಯಿಲ್ಲ, ಫೋಟೋ ತೆಗೆಯಲಾಗದು. ಚಿತ್ರ-ಪ್ರತಿಮೆಗಳ ಬಗ್ಗೆ ಕಥೋಲಿಕರೂ ಪ್ರೊಟೆಸ್ಟಂಟರೂ ಶತಮಾನಗಟ್ಟಲೆ ಕಾದಾಡಿದ್ದಾರೆ. 787ರ ನಿಕೇಯ ಸಭೆ ಗೌರವಕ್ಕೂ ಆರಾಧನೆಗೂ ಗೆರೆ ಎಳೆಯಿತು. ಹತ್ತು ಆಜ್ಞೆಗಳನ್ನು ಎಣಿಸುವುದರಲ್ಲೇ ಎರಡು ಕ್ರಮಗಳಿವೆ, ಕಥೋಲಿಕರಿಗೂ ಲೂಥರನ್ನರಿಗೂ ವಿಗ್ರಹದ ಆಜ್ಞೆ ಮೊದಲನೆಯದರೊಳಗೇ ಸೇರಿಕೊಂಡಿದೆ. ಇಷ್ಟೆಲ್ಲ ಜಗಳವಾಡಿದ ಎರಡು ಪಂಗಡಗಳು ಈ ಆಕಾರವಿಲ್ಲದ ಒಂದರ ಮುಂದೆ ಮಾತ್ರ ಜೊತೆಯಾಗಿ ಮಂಡಿಯೂರಿವೆ.

ಚರ್ಚುಗಳು ಏನೂ ಹೇಳಿಲ್ಲ ಎನ್ನಲಾರೆ. 2003ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ತಮಿಳುನಾಡಿನ ಬಿಷಪ್ಪರಿಗೆ ಜಾತಿಯ ಪೂರ್ವಗ್ರಹ ಬಿಡಿ ಎಂದು ಹೇಳಿದರು. 2016ರಲ್ಲಿ ಭಾರತದ ಕಥೋಲಿಕ ಬಿಷಪ್ಪರ ಮಂಡಳಿ ಜಾತಿ ತಾರತಮ್ಯವನ್ನು ಘೋರ ಸಾಮಾಜಿಕ ಪಾಪವೆಂದು ತನ್ನ ನೀತಿಪತ್ರದಲ್ಲಿ ಬರೆಯಿತು. ಮೊದಲ ದಲಿತ ಕಾರ್ಡಿನಲ್ ಆಗಿ ಹೈದರಾಬಾದಿನ ಆಂಥೊನಿ ಪೂಲ ನೇಮಕವಾದದ್ದು 2022ರಲ್ಲಿ. ಗಮನಿಸಿ, ಅಲ್ಲಿಯೂ ‘ಸಾಮಾಜಿಕ’ ಪಾಪ. ನನ್ನ ಬೇಡಿಕೆ ಚಿಕ್ಕದು: ಅದನ್ನು ಆ ಕಪಾಟಿನಿಂದ ತೆಗೆದು ಮೊದಲ ಆಜ್ಞೆಯ ಕಪಾಟಿನಲ್ಲಿಡಿ. ಕುಂಕುಮವಿಟ್ಟುಕೊಂಡ ಹೆಂಗಸನ್ನು ಪ್ರಭುಭೋಜನದ ಸಾಲಿನಲ್ಲಿ ತಡೆದು ಪ್ರಶ್ನಿಸುವ ಸಭೆಗಳಿವೆ. ಮಗಳ ಮದುವೆಯನ್ನು ‘ಮೂಲ’ದ ಕಾರಣಕ್ಕೆ ಮುರಿದ ಹಿರಿಯನನ್ನು ಆ ಸಾಲಿನಲ್ಲಿ ಒಂದೇ ಒಂದು ಭಾನುವಾರ ತಡೆದು ನಿಲ್ಲಿಸಲಿ. ತಡೆದ ಮರುವಾರ ಸಭೆಯಲ್ಲಿ ಎಷ್ಟು ಬೆಂಚು ಖಾಲಿ ಎಂದು ಎಣಿಸೋಣ, 1833ರ ವೇಪೇರಿಯಲ್ಲಿ ಎಣಿಸಿದಂತೆ.

ಇದನ್ನು ಹೇಳಿದಾಗ ಒಬ್ಬ ಹಿರಿಯ ಗೆಳೆಯರು ಎಚ್ಚರಿಸಿದರು. “ಹೊತ್ತು ಸರಿಯಿಲ್ಲಮ್ಮ. 2008ರಲ್ಲಿ ಮಂಗಳೂರಿನಲ್ಲಿ ಚರ್ಚು ಒಡೆದರು, 2022ರಲ್ಲಿ ಮತಾಂತರದ ಕಾನೂನು ಬಂತು. ಈಗ ನೀನು ಇದನ್ನು ಬರೆದರೆ ಅವರ ಕೈಗೆ ಕಲ್ಲು ಕೊಟ್ಟ ಹಾಗೆ.” ಇನ್ನೊಂದು ವಾದವೂ ಅವರಲ್ಲಿತ್ತು. 1950ರ ರಾಷ್ಟ್ರಪತಿ ಆದೇಶ ದಲಿತ ಕ್ರೈಸ್ತರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿದೆ, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಬಾಗಿಲು ತೆರೆದರೂ ನಮಗೆ ತೆರೆದಿಲ್ಲ, ಮೊದಲು ಆ ಹೋರಾಟ ಆಗಲಿ ಎಂದು. ಆ ಹೋರಾಟ ನನ್ನದೂ ಹೌದು. ಆದರೆ ಚರ್ಚಿನಲ್ಲಿ ಜಾತಿ ಇದೆ ಎಂದು ದೆಹಲಿಯ ಆಯೋಗದ ಮುಂದೆ ದಾಖಲೆ ಕೊಟ್ಟು, ಜಾತಿ ಇಲ್ಲ ಎಂದು ಭಾನುವಾರ ಪ್ರಸಂಗ ಮಾಡುವುದು ಎಷ್ಟು ದಿನ ನಡೆದೀತು?

ಹೊತ್ತಿನ ಮಾತಿಗೆ ಯೆರೆಮೀಯನ ಪುಸ್ತಕದಲ್ಲೇ ಉತ್ತರವಿದೆ. ಬಾಬೆಲಿನ ದಂಡು ಯೆರೂಸಲೇಮಿನ ಗೋಡೆಯ ಹೊರಗೆ ಬೀಡುಬಿಟ್ಟಿದ್ದಾಗಲೂ ಅವನು ಒಳಗಿನವರನ್ನೇ ಬೈಯುತ್ತಿದ್ದ. ಇವನು ನಮ್ಮ ಸೈನಿಕರ ಕೈ ಸಡಿಲ ಮಾಡುತ್ತಿದ್ದಾನೆ ಎಂದು ಪ್ರಧಾನರು ದೂರು ಕೊಟ್ಟು, ಹಗ್ಗ ಕಟ್ಟಿ ಬಾವಿಗೆ ಇಳಿಸಿದರು. ಬಾವಿಯಲ್ಲಿ ನೀರಿರಲಿಲ್ಲ, ಕೆಸರಿತ್ತು. ಅವನನ್ನು ಎತ್ತಿದವನು ಅವನ ಕುಲದವನಲ್ಲ, ಊರಿನವನೂ ಅಲ್ಲ. ಅರಮನೆಯಲ್ಲಿ ಊಳಿಗ ಮಾಡಿಕೊಂಡಿದ್ದ ಕೂಷ್ ದೇಶದ ಎಬೆದ್ಮೆಲೆಕ ಎಂಬ ಕಪ್ಪು ಮನುಷ್ಯ. ಅರಸನ ಅಪ್ಪಣೆ ಪಡೆದು ಬಂದವನು ಮೊದಲು ಉಗ್ರಾಣಕ್ಕೆ ಹೋಗಿ ಹರಕು ಬಟ್ಟೆಗಳನ್ನು ಹುಡುಕಿ ತಂದ. ಅವನ್ನು ಕೆಳಗಿಳಿಸಿ, ಕಂಕುಳಿಗೆ ಇಟ್ಟುಕೋ, ಹಗ್ಗ ಒತ್ತದಿರಲಿ ಎಂದ. ಆಮೇಲೆ ಎಳೆದ.